ಮೊದಲ ಕಂಬದ ಕುಂಕುಮ

ಮಗನ ವರ್ಷಾಬ್ದಿಕವನ್ನು ತಂದೆ ಮಾಡುವ ಕಾಲ ಯಾರಿಗೂ ಬರಬಾರದು. ನನಗೆ ಬಂತು. ಶಂಕರನಿಗೆ ಗಂಡುಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಇರುವವಳು ಒಂಬತ್ತು ವರ್ಷದ ನಿಧಿ ಒಬ್ಬಳು. ಆದುದರಿಂದ ಎಪ್ಪತ್ತನೆಯ ವಯಸ್ಸಿನಲ್ಲಿ ನಾನು ದರ್ಭೆಯ ಕಟ್ಟನ್ನೂ ಕಪ್ಪು ಎಳ್ಳನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು, ಬೆಂಗಳೂರಿನಿಂದ ವಿಮಾನ ಹತ್ತಿ, ಜಪಾನಿನ ಕಾವಾಸಾಕಿಯಲ್ಲಿರುವ ಸೊಸೆ ಸಿಂಧೂರಾಳ ಮನೆಗೆ ಬಂದೆ. ಪುರೋಹಿತರಿಲ್ಲ. ಬಾಯಿಗೆ ಬರುವ ಮಂತ್ರವನ್ನು ನಾನೇ ಹೇಳಿಕೊಂಡೆ.

ದೇವರ, ಪಿತೃಗಳ ಸ್ಥಾನದಲ್ಲಿ ಕುಳಿತು ಉಣ್ಣುವ ಬ್ರಾಹ್ಮಣಾರ್ಥಕ್ಕೆ ಕಡೆಯ ಪಕ್ಷ ಇಬ್ಬರು ಬೇಕು. ಸಿಕ್ಕಿದವನು ಒಬ್ಬನೇ, ಪ್ರಹ್ಲಾದ. ಶಂಕರ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಅವನಿಗಿಂತ ಮೇಲಿನ ಹುದ್ದೆಯವನು, ನಂಜನಗೂಡಿನ ಕಡೆಯವನು, ಹದಿನೆಂಟು ವರ್ಷದಿಂದ ಜಪಾನಿನಲ್ಲಿರುವವನು. ದೇವರ ಎಲೆಯ ಮುಂದೆ ದರ್ಭೆಯ ಗಂಟನ್ನಿಟ್ಟು, ಪಿತೃಸ್ಥಾನದಲ್ಲಿ ಪ್ರಹ್ಲಾದನನ್ನು ಕೂರಿಸಿದೆ. ಅಂದರೆ ಆ ಹೊತ್ತಿಗೆ ಅವನೇ ನನ್ನ ಮಗ. ಅವನ ಕಾಲು ತೊಳೆದೆ. ಸಿಂಧೂರಾ ವಡೆ, ಪಾಯಸ, ಎಳ್ಳುಂಡೆ, ಹಾಗಲಕಾಯಿ ಎಲ್ಲವನ್ನೂ ಮಡಿಯಲ್ಲಿ ಮಾಡಿದ್ದಳು. ಬಾಳೆಯೆಲೆ ಅಂಗಡಿಯಿಂದ ಮಂಜುಗಟ್ಟಿ ಬಂದಿತ್ತು. ಬಡಿಸುವ ಹೊತ್ತಿಗೆ ಕರಗಿ ಬಾಡಿತ್ತು.

ಊಟವಾದ ಮೇಲೆ ಕರ್ತೃ, ಅಂದರೆ ಶ್ರಾದ್ಧ ಮಾಡುವವನು, ಕೇಳಬೇಕಾದ ಮಾತೊಂದಿದೆ. ತೃಪ್ತಿಯಾಯಿತೆ ಎಂದು ಕೇಳಬೇಕು. ಕುಳಿತವರು ತೃಪ್ತರಾದೆವು ಎನ್ನಬೇಕು. ಕೇಳಿದೆ.

"ಆಯ್ತು ಅಂಕಲ್, ಫುಲ್ ತೃಪ್ತಿ. ವಡೆ ಅಂತೂ ನಮ್ಮಮ್ಮನ ಕೈ ನೆನಪಾಯ್ತು," ಎಂದ ಪ್ರಹ್ಲಾದ.

ಪಿಂಡವನ್ನು ಬಾಲ್ಕನಿಯಲ್ಲಿಟ್ಟೆ. ಕಾವಾಸಾಕಿಯಲ್ಲಿ ಕಾಗೆಗೆ ಬರವಿಲ್ಲ. ಎರಡು ಬಂದು ಮುಟ್ಟಿದವು. ಒಳಗೆ ಬಂದು ನೋಡಿದರೆ ಪ್ರಹ್ಲಾದ ಕೈತೊಳೆದು, ಸೋಫಾದ ತುದಿಯಲ್ಲಿ ಕುಳಿತು, ಚೀಲದಿಂದ ಟ್ಯಾಬ್ಲೆಟ್ ತೆಗೆಯುತ್ತಿದ್ದ.

"ಅಂಕಲ್, ಇವತ್ತು ಕೇಳಬಾರದು. ಆದ್ರೆ ಟೈಮ್ ಇಲ್ಲ. ಒಂದು ಸಣ್ಣ ಹೆಲ್ಪ್ ಆಗಬೇಕಿತ್ತು."

ಅವನು ತೋರಿಸಿದ್ದು ಮೂರು ಫೋಟೋ. ಮೂರರಲ್ಲಿಯೂ ಕಾಂಕ್ರೀಟು ಬೀಳುವ ಮೊದಲಿನ ಕಂಬ, ಕಬ್ಬಿಣದ ಕಂಬಿ, ಸುತ್ತ ಕಟ್ಟಿದ ರಿಂಗುಗಳು. ಪಕ್ಕದಲ್ಲಿ ಅಳತೆಯ ಟೇಪು, ಒಂದು ಪುಟ್ಟ ಹಸಿರು ಹಲಗೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು, ಯಾವ ಬ್ಲಾಕು, ಯಾವ ಕಂಬ, ರಿಂಗಿನ ನಡುವೆ ಎಷ್ಟು ಅಂತರ ಎಂಬ ವಿವರ. ಕಾಂಕ್ರೀಟಿನೊಳಗೆ ಹೂತುಹೋಗುವ ಯಾವುದನ್ನೇ ಆಗಲಿ ಹೀಗೆ ಹಲಗೆ ಹಿಡಿದು ಫೋಟೋ ತೆಗೆದ ಮೇಲೆಯೇ ಮುಚ್ಚಬೇಕೆಂಬುದು ಇಲ್ಲಿಯ ಕಟ್ಟುನಿಟ್ಟು. ಮೂವತ್ತೈದು ವರ್ಷ ಸರ್ಕಾರದ ಒಂದು ಇಲಾಖೆಯಲ್ಲಿ ಎಂಜಿನಿಯರಾಗಿದ್ದ ನನಗೆ ಈ ಪದ್ಧತಿಯನ್ನು ಶಂಕರ ಹೇಳಿದಾಗ ಹೊಟ್ಟೆಯುರಿ ಬಂದಿತ್ತು.

ಮೊದಲ ಹಲಗೆಯಲ್ಲಿ ಒಂದನೆಯ ಬ್ಲಾಕೆಂದೂ, ಉಳಿದೆರಡರಲ್ಲಿ ಎರಡು, ಮೂರು ಎಂದೂ ಬರೆದಿತ್ತು. ಪ್ರಹ್ಲಾದ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಕೆಳಗಿನಿಂದ ಮೂರನೆಯ ರಿಂಗಿನ ಮೇಲೆ ಹಳದಿ ಬಳಿದ ಒಂದು ಗುರುತು, ಅದರ ನಡುವೆ ಕೆಂಪು ಬೊಟ್ಟು.

"ಏನು ಅಂತ ಗೊತ್ತಾಯ್ತಾ ಅಂಕಲ್?"

"ಗೊತ್ತಾಯಿತು. ನಮ್ಮ ಮನೆಯ ಅರಿಶಿನ ಕುಂಕುಮ."

ಸಿಂಧೂರಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಇಷ್ಟು ಹೇಳಬೇಕು. ಎರಡು ಸಾವಿರದ ಹನ್ನೊಂದರ ಭೂಕಂಪದಲ್ಲಿ ಸಮುದ್ರ ಉಕ್ಕಿ ಈಶಾನ್ಯ ಕರಾವಳಿಯ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಮನೆ ಕಳೆದುಕೊಂಡವರಿಗೆ ಸರ್ಕಾರ ಮೊದಲು ತಗಡಿನ ತಾತ್ಕಾಲಿಕ ಮನೆ ಕೊಟ್ಟಿತು. ಆಮೇಲೆ ಬಾಡಿಗೆಯ ಕಾಯಂ ಮನೆ ಕಟ್ಟಿಸಲು ಹೊರಟಿತು. ಕಾವಾಸಾಕಿಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಶಂಕರನನ್ನು, ಜನ ಸಾಲದೆ, ಅಂಥ ಒಂದು ಊರಿಗೆ ಮೇಲ್ವಿಚಾರಣೆಗೆ ಕಳುಹಿಸಿದರು. ಮೂರು ಬ್ಲಾಕು, ಒಂದೊಂದು ಐದು ಅಂತಸ್ತು. ಕೆಲಸ ಮುಗಿದು ಮೂರು ತಿಂಗಳಿಗೆ, ಮುಂದಿನ ಸೈಟಿಗೆ ಹೋಗಲು ರೈಲು ಕಾಯುತ್ತಾ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವನ ಹೃದಯ ನಿಂತಿತು. ಮೂವತ್ತೊಂಬತ್ತು ವರ್ಷ. ಆ ಊರಿನವರು ತಮ್ಮ ಸಭಾಭವನದಲ್ಲಿ ಅವನ ಹೆಸರಿನ ಒಂದು ಸಣ್ಣ ಮರದ ಫಲಕ ಹಾಕಿಸಿದರು. ನಿಧಿ ಅದರ ಚಿತ್ರವನ್ನು ತನ್ನ ಪೆನ್ಸಿಲ್ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದಾಳೆ.

"ಮೂರನೇ ಬ್ಲಾಕಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಒನೊದೆರಾ ಸಾನ್ ಅಂತ," ಎಂದ ಪ್ರಹ್ಲಾದ. ಸಾನ್ ಎಂಬುದು ಇಲ್ಲಿಯವರ ಮರ್ಯಾದೆಯ 'ಅವರು'. "ಅವಳ ಬಾಲ್ಕನಿ ಪಿಲ್ಲರ್ ಬಿರುಕು ಬಿಟ್ಟು ತುಕ್ಕು ನೀರು ಇಳೀತಿದೆಯಂತೆ. ಕಂಪ್ಲೇಂಟ್ ಮೇಲೆ ಕಂಪ್ಲೇಂಟ್. ಟೌನ್ ಆಫೀಸಿನೋರು ಸಮಾಧಾನ ಮಾಡೋಣ ಅಂತ ಈ ಫೋಟೋಗಳನ್ನ ಹಾಲ್‌ನಲ್ಲಿ ಅಂಟಿಸಿದ್ರು. ನೋಡಿ, ಒಳಗೆ ಎಲ್ಲಾ ಸರಿಯಾಗಿದೆ, ಒಡೆದು ನೋಡೋ ಅಗತ್ಯ ಇಲ್ಲ ಅಂತ. ಮುದುಕಿ ಭೂತಗನ್ನಡಿ ತಂದು, ಮೂರರಲ್ಲೂ ಈ ಹೂವು ಒಂದೇ ಅಲ್ವಾ ಅಂದಳಂತೆ."

"ನಾನೇನು ಮಾಡಬೇಕು?"

"ಒಂದು ಲೆಟರ್, ಅಷ್ಟೇ. ನಮ್ಮ ಧರ್ಮದಲ್ಲಿ ಪ್ರತಿ ಕಂಬಕ್ಕೂ ಹೀಗೆ ಇಡ್ತೀವಿ, ನನ್ನ ಮಗ ಚೆಕ್ ಮಾಡಿದ ಕಂಬಕ್ಕೆಲ್ಲ ಇಡ್ತಿದ್ದ, ಅಂತ. ನೀವು ಹಿರಿಯರು, ಎಂಜಿನಿಯರ್ ಬೇರೆ, ತಂದೆ ಬೇರೆ. ಇವರಿಗೆ ನಮ್ಮ ಪದ್ಧತಿ ಏನು ಗೊತ್ತು?"

"ಮೂರು ಕಂಬದಲ್ಲಿಯೂ ಮೂರನೆಯ ರಿಂಗಿಗೇ, ಇದೇ ಓರೆಯಲ್ಲಿಯೇ, ಬೆರಳು ಬಿತ್ತೆ?"

"ಕೈ ಪಳಗಿರುತ್ತೆ ಅಂಕಲ್."

"ಬರೆಯದಿದ್ದರೆ?"

ಅವನು ಟ್ಯಾಬ್ಲೆಟ್ಟನ್ನು ಮಡಿಚಿಟ್ಟ. "ಫೋಟೋ ತೆಗೆದಿರೋನು ಶಂಕರ. ಬೋರ್ಡ್ ಮೇಲಿರೋ ಅಕ್ಷರ ಅವನದು. ಅವನ ಹೆಸರಿನ ಫಲಕ ಆ ಗೋಡೆ ಮೇಲೆ ಇರಬೇಕೋ ಬೇಡವೋ, ನೀವೇ ಯೋಚನೆ ಮಾಡಿ."

ಎದುರಿನ ತಟ್ಟೆಯಲ್ಲಿ ಅವನಿಗೆಂದು ಇಟ್ಟ ತಾಂಬೂಲ ಹಾಗೆಯೇ ಇತ್ತು. "ಕಟ್ಟಡ ನೋಡದೆ ಬರೆಯುವುದಿಲ್ಲ," ಎಂದೆ.

ಅವನು ಹೋದ ಮೇಲೆ ಸಿಂಧೂರಾ ಎಲೆ ಎತ್ತಿದಳು. ನೆಲ ಒರೆಸಿದಳು. ಆಮೇಲೆ ಬಂದು, "ಬರೆದುಬಿಡಿ ಮಾವ," ಎಂದಳು.

"ಪ್ರತಿ ಕಂಬಕ್ಕೂ ಇಡುವ ಪದ್ಧತಿ ಇಲ್ಲವಮ್ಮ. ಮೊದಲ ಕಂಬಕ್ಕೆ ಮಾತ್ರ, ಒಂದೇ ಸಲ."

"ಇದ್ರೆ ಏನಾಗತ್ತೆ? ದೇವರು ಬೇಡ ಅಂತಾರಾ? ಸತ್ತೋರ ಮೇಲೆ ಗೂಬೆ ಕೂರಿಸೋದು ಇವರಿಗೆ ಎಷ್ಟು ಈಸಿ ಗೊತ್ತಾ? ನನ್ನ ಮಗಳಿಗೆ ಅಪ್ಪ ಅಂತ ಉಳಿದಿರೋದು ಆ ಹೆಸರೊಂದೇ."

ನಾನು ಸ್ನಾನ ಮಾಡಿ ಸಂಧ್ಯಾವಂದನೆಗೆ ಕುಳಿತೆ. ಅರ್ಘ್ಯ ಮೂರಾಯಿತೋ ನಾಲ್ಕಾಯಿತೋ ತಿಳಿಯಲಿಲ್ಲ.

ಕುಂಕುಮ ಇಡಲು ಹೇಳಿದವನು ನಾನು. ಯಾವ ಕಟ್ಟಡವಾದರೂ ಮೊದಲ ಕಂಬಕ್ಕೆ ಅರಿಶಿನ ಕುಂಕುಮ ಇಡದೆ ಕಾಂಕ್ರೀಟು ಸುರಿಯಬಾರದೆಂಬುದು ನನ್ನ ನಂಬಿಕೆ. ಪೂರ್ತಿ ಸರ್ವಿಸ್ಸಿನಲ್ಲಿ ಒಮ್ಮೆಯೂ ತಪ್ಪಿಸಿದವನಲ್ಲ. ಶಂಕರನ ತಾಯಿ ಇಂದಿರಾ ತೀರಿಕೊಂಡಾಗ ಅವಳ ಕುಂಕುಮದ ಭರಣಿಯನ್ನು ಅವನು ಕೇಳಿ ತೆಗೆದುಕೊಂಡು ಬಂದಿದ್ದ. ಎರಡು ಸಾವಿರದ ಹದಿಮೂರರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಫೋನಿಗೆ ಒಂದು ಚಿತ್ರ ಬಂತು. ಕಂಬಿ, ಹಲಗೆ, ಕುಂಕುಮ. ಹಿಂದೆಯೇ ಫೋನು. "ಅಪ್ಪ, ಇಟ್ಟೆ. ಅಮ್ಮನ ಭರಣಿದೇ. ಇಲ್ಲಿಯೋರು ಏನೋ ಪೇಂಟ್ ಅಂದ್ಕೊಂಡಿದ್ದಾರೆ," ಎಂದು ನಕ್ಕ. ಆ ಚಿತ್ರ ಈಗಲೂ ನನ್ನ ಫೋನಿನಲ್ಲಿದೆ. ಹಲಗೆಯಲ್ಲಿ ಒಂದನೆಯ ಬ್ಲಾಕೆಂದೇ ಇದೆ.

ಎರಡು ದಿನದ ಮೇಲೆ ಇನ್ನೊಂದು ಫೋನು ಬಂದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಆ ಶನಿವಾರ ನಾವು ನಾಲ್ವರೂ ಹೊರಟೆವು. ಸೆಂದಾಯಿವರೆಗೆ ಬುಲೆಟ್ ರೈಲು, ಅಲ್ಲಿಂದ ಬಸ್ಸು. ಸಿಂಧೂರಾ, ನಿಧಿ ಮುಂದಿನ ಸಾಲಿನಲ್ಲಿ. ಪ್ರಹ್ಲಾದ ನನ್ನ ಪಕ್ಕದಲ್ಲಿ. ಕಿಟಕಿಯ ಹೊರಗೆ ಗದ್ದೆ ಹಸಿರಾಗಿ ಓಡುತ್ತಿತ್ತು. ನಾನು ಕೇಳಿದೆ, "ಇಷ್ಟು ಶಿಸ್ತಿನ ದೇಶದಲ್ಲಿ ಇದು ಹೇಗಪ್ಪ ಆಯಿತು?"

"ಶಿಸ್ತು ಎಲ್ಲಾ ಪೇಪರ್ ಮೇಲೆ ಅಂಕಲ್," ಎಂದು ಅವನು ಧ್ವನಿ ತಗ್ಗಿಸಿದ. "ಎರಡು ಸಲ ಟೆಂಡರ್ ಕರೆದ್ರು, ಒಬ್ಬನೂ ಬರಲಿಲ್ಲ. ರೇಟ್ ಹಳೇದು, ಸಾಮಾನು ಬೆಲೆ ಹೊಸದು. ಮೂರನೇ ಸಲ ಒಬ್ಬ ದೊಡ್ಡೋನ ಕೈ ಹಿಡಿದು ಒಪ್ಪಿಸಿದ್ರು. ಅವನು ಕೆಲಸ ಮಾಡೋನಲ್ಲ, ಕೆಳಗಿನೋನಿಗೆ ಕೊಟ್ಟ. ಅವನು ಅವನ ಕೆಳಗಿನೋನಿಗೆ. ಕಡೆಗೆ ಕಂಬಿ ಕಟ್ಟಿದೋನು ಯಾರು ಅಂತ ನಮ್ಮ ಹತ್ರಾನೇ ಹೆಸರಿಲ್ಲ. ಒಳ್ಳೆ ಕಂಬಿ ಕೆಲಸದೋರೆಲ್ಲ ಒಲಿಂಪಿಕ್ಸ್ ಅಂತ ಟೋಕಿಯೋಗೆ ಓಡಿದ್ರು."

"ತಪಾಸಣೆಗೆ ಯಾರೂ ಬರುತ್ತಿರಲಿಲ್ಲವೆ?"

"ಒಬ್ಬನಿಗೆ ಹದಿನೇಳು ಸೈಟ್. ಅವನು ಕಂಬ ನೋಡಲ್ಲ, ಫೋಟೋ ನೋಡ್ತಾನೆ. ಫೋಟೋ ಸರಿ ಇದ್ರೆ ಕಂಬ ಸರಿ."

ಅವನು ತಾನಾಗಿಯೇ ಮುಂದುವರಿಸಿದ. "ಕಾಂಕ್ರೀಟ್ ಸಿಕ್ತಿರಲಿಲ್ಲ ಅಂಕಲ್. ಇಡೀ ಕರಾವಳಿಗೆ ನಾಲ್ಕು ಪ್ಲಾಂಟ್. ಅವತ್ತು ಮೂರನೇ ಬ್ಲಾಕಿಗೆ ಬೆಳಗ್ಗೆ ಎಂಟಕ್ಕೆ ಲಾರಿ. ಬಿಟ್ರೆ ಇನ್ನು ಮೂರು ವಾರ ಇಲ್ಲ. ಶಂಕರ ಹೋಗಿ ನೋಡ್ತಾನೆ, ರಿಂಗ್ ಅರ್ಧಕ್ಕರ್ಧ ಕಟ್ಟಿಲ್ಲ, ಕಂಬಿ ಹೊರಮೈಗೆ ತಾಗದ ಹಾಗೆ ಇಡೋ ಕವರ್ ಬ್ಲಾಕ್ ಇಟ್ಟಿಲ್ಲ. ಲಾರಿ ಬಂದು ನಿಂತಿದೆ. ನನಗೆ ಫೋನ್ ಮಾಡಿದ. ಏನ್ ಮಾಡ್ಲಿ ಅಂದ."

"ನೀನು ಏನೆಂದೆ?"

ಪ್ರಹ್ಲಾದ ಕಿಟಕಿಯ ಕಡೆ ತಿರುಗಿದ. "ಸುರಿಸು ಅಂದೆ."

"ಫೋಟೋ?"

"ಫೋಟೋ ಆಮೇಲೆ ಹೇಗಾದ್ರೂ ಅಡ್ಜಸ್ಟ್ ಮಾಡು ಅಂದೆ. ಎರಡನೇ ಬ್ಲಾಕಿಗೂ ಹಾಗೇ ಆಯ್ತು. ನನಗೂ ಮೇಲಿನಿಂದ ಹಾಗೇ ಹೇಳಿದ್ರು ಅಂಕಲ್. ಮಾರ್ಚ್ ಒಳಗೆ ಫ್ರೇಮ್ ಎದ್ದು ನಿಲ್ಲಬೇಕು ಅಂತ."

ಹೀಗೆ ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಇಳಿದು ಬಂದ ಮಾತು ಕಡೆಗೆ ನನ್ನ ಮಗನ ಕೈಗೆ ಬಂತು. ಅವನು ಮಾಡಿದ್ದು ಸುಲಭದ ಕೆಲಸ. ಒಂದನೆಯ ಬ್ಲಾಕಿನ ಕಂಬ, ನಾನು ಹೇಳಿದಂತೆ ಕುಂಕುಮ ಇಟ್ಟ ಕಂಬ, ಇನ್ನೂ ತೆರೆದೇ ನಿಂತಿತ್ತು. ಅಲ್ಲಿ ರಿಂಗು ಸರಿಯಾಗಿತ್ತು, ಅಂತರ ಸರಿಯಾಗಿತ್ತು. ಹಲಗೆಯನ್ನು ಒರೆಸಿ ಮೂರನೆಯ ಬ್ಲಾಕೆಂದು ಬರೆದು ಒಂದು ಫೋಟೋ, ಮತ್ತೆ ಒರೆಸಿ ಎರಡನೆಯ ಬ್ಲಾಕೆಂದು ಬರೆದು ಒಂದು ಫೋಟೋ. ಬೊಟ್ಟನ್ನು ಮಾತ್ರ ಅವನು ಒರೆಸಲಿಲ್ಲ. ತಾಯಿಯ ಭರಣಿಯ ಕುಂಕುಮ. ಒರೆಸಲು ಕೈ ಬಂದಿರಲಾರದು.

ಊರು ಎನ್ನುವುದಕ್ಕೆ ಅಲ್ಲಿ ಊರಿರಲಿಲ್ಲ. ಸಮುದ್ರವೇ ಕಾಣದಷ್ಟು ಎತ್ತರದ ಹೊಸ ತಡೆಗೋಡೆ, ಈಚೆ ಬರಿಯ ಮಣ್ಣು, ದಿಬ್ಬದ ಮೇಲೆ ಮೂರು ಬಿಳಿಯ ಕಟ್ಟಡ. ಒನೊದೆರಾ ಸಾನ್ ಮೂರನೆಯ ಬ್ಲಾಕಿನ ನೆಲದ ಅಂತಸ್ತಿನಲ್ಲಿದ್ದಳು. ಎಪ್ಪತ್ತೆಂಟು ವರ್ಷದ, ಬೆನ್ನು ಬಾಗಿದ ಹೆಂಗಸು. ನಾನು ಶಂಕರನ ತಂದೆ ಎಂದು ಸಿಂಧೂರಾ ಹೇಳಿದ ಕೂಡಲೇ ಆಕೆ ಚಾಪೆಯ ಮೇಲೆ ಹಣೆ ಹಚ್ಚಿ ನಮಸ್ಕರಿಸಿದಳು. ನಾನೂ ಕೈಮುಗಿದೆ. ಗೋಡೆಯ ಪಕ್ಕ ಇರಬೇಕಾದ ದೇವರ ಗೂಡು ಕೋಣೆಯ ನಡುವೆ ಇತ್ತು. ಅದರಲ್ಲಿ ಸಮುದ್ರ ಕೊಚ್ಚಿಕೊಂಡು ಹೋದ ಗಂಡನ ಫೋಟೋ. ತೇವಕ್ಕೆ ಹೆದರಿ ಈಚೆಗೆ ಎಳೆದುಕೊಂಡಿದ್ದಳು.

ಬಾಲ್ಕನಿಯ ಕಂಬವನ್ನು ನೋಡಿದೆ. ಅದನ್ನು ನೋಡಲು ಎಂಜಿನಿಯರಾಗಬೇಕಿರಲಿಲ್ಲ. ಅಡ್ಡಡ್ಡಲಾಗಿ ಬಿರುಕು, ಪ್ರತಿ ಬಿರುಕಿನಿಂದ ಕಂದು ಬಣ್ಣದ ನೀರಿನ ಗೆರೆ. ಬೆರಳ ಗಂಟಿನಿಂದ ತಟ್ಟಿದೆ. ಟೊಳ್ಳು ದನಿ. ಉಗುರಿನಿಂದ ಕೆರೆದರೆ ಬಿಸ್ಕತ್ತಿನಂತೆ ಚಕ್ಕೆ ಎದ್ದು ಒಳಗಿನ ರಿಂಗು ತುಕ್ಕು ಹಿಡಿದು ಕಂಡಿತು. ಬಿರುಕಿನಿಂದ ಬಿರುಕಿಗೆ ಗೇಣು ಹಾಕಿದೆ. ನಾಲ್ಕು ಇಂಚಿಗೊಂದು ಇರಬೇಕಾದ ರಿಂಗು ಎಂಟು ಒಂಬತ್ತು ಇಂಚಿಗೊಂದು. ಈ ಕಂಬದ ಮೇಲೆ ಐದು ಅಂತಸ್ತು, ಅದರೊಳಗೆ ಒಮ್ಮೆ ಸತ್ತು ಬದುಕಿದ ಜನ.

ಒನೊದೆರಾ ಸಾನ್ ಚಹಾ ಕೊಟ್ಟು ಏನೋ ಹೇಳತೊಡಗಿದಳು. ಸಿಂಧೂರಾ ತಲೆ ತಗ್ಗಿಸಿ ಕನ್ನಡಕ್ಕೆ ತರುತ್ತಿದ್ದಳು.

"ಶಂಕರ್ ಸಾನ್ ತಾತ್ಕಾಲಿಕ ಮನೆಗೆ ಬರ್ತಿದ್ರಂತೆ. ಇವರು ಒಣಗಿಸಿದ ಹಣ್ಣು ಕೊಡ್ತಿದ್ರಂತೆ. ಬಂದಾಗೆಲ್ಲ ಇವರು ಒಂದೇ ಮಾತು ಕೇಳ್ತಿದ್ರಂತೆ, ಇನ್ನೂ ಎಷ್ಟು ದಿನ ಅಂತ. ಆ ತಗಡಿನ ಮನೇಲಿ ಪಕ್ಕದೋರು ಕೆಮ್ಮಿದ್ರೆ ಇಲ್ಲಿ ಕೇಳ್ತಿತ್ತು. ಗಟ್ಟಿ ಗೋಡೆ ಇರೋ ಮನೇಲಿ ಸಾಯಬೇಕು ಅಂತ ಅವರ ಆಸೆ."

ಮುದುಕಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು. ನಾನು ಸಿಂಧೂರಾಳ ಮುಖ ನೋಡಿದೆ.

"ಏನೆನ್ನುತ್ತಾಳೆ?"

"ನಾನೇ ಅವನನ್ನ ಆತುರಪಡಿಸಿದೆ, ಕ್ಷಮಿಸಿ, ಅಂತಿದಾರೆ."

ನನಗೆ ಅಲ್ಲಿ ಕುಳಿತಿರಲಾಗಲಿಲ್ಲ. ಬಾಲ್ಕನಿಗೆ ಹೋಗಿ ಆ ಕಂಬದ ಎದುರಿಗೆ ನಿಂತೆ.

ಆ ಎರಡನೆಯ ಫೋನಿನ ಮಾತನ್ನು ಈಗ ಹೇಳಬೇಕು. ತೊಂಬತ್ತಮೂರರಲ್ಲಿ ನಾನು ಒಂದು ತಾಲ್ಲೂಕಿನಲ್ಲಿ ಬಡವರಿಗೆಂದು ಸರ್ಕಾರ ಕಟ್ಟಿಸಿದ ಅರವತ್ತು ಮನೆಗಳ ಉಸ್ತುವಾರಿಯಲ್ಲಿದ್ದೆ. ಪಾಯದ ಆಳ, ಗೋಡೆಯ ದಪ್ಪ ಎಲ್ಲವನ್ನೂ ಮನೆ ಮನೆಗೆ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ನಾನು ಒಂದು ಮನೆ ಅಳೆದೆ. ಅದು ರಸ್ತೆಯ ಪಕ್ಕದ ಮನೆ, ಸಾಹೇಬರು ಬಂದರೆ ನೋಡುವ ಮನೆ, ಕುಂಕುಮ ಇಟ್ಟು ಪೂಜೆ ಮಾಡಿದ ಮನೆ. ಉಳಿದ ಐವತ್ತೊಂಬತ್ತಕ್ಕೆ 'ಮೇಲಿನಂತೆ' ಎಂದು ಬರೆಯುವುದೇ ರೂಢಿ. ನಾನು ಕಂಟ್ರಾಕ್ಟರನ ಮನೆಯಲ್ಲಿ ಕಾಫಿಯನ್ನೂ ಕುಡಿಯದವನು. ಆ ಹೆಮ್ಮೆ ನನಗಿತ್ತು. ಆದರೆ ಮಳೆಗಾಲಕ್ಕೆ ಮೊದಲು ಮನೆ ಹಂಚಬೇಕೆಂದು ಮೇಲಿನವರು ಅವಸರ ಮಾಡಿದರು. ನಾನು ಒಬ್ಬ, ಸೈಟು ಒಂಬತ್ತು. ಮೇಲಿನವರು ಮನೆ ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿದ್ದರು. ಪುಸ್ತಕವನ್ನು ಶುದ್ಧಪ್ರತಿ ಮಾಡಿದವನು ಶಂಕರ. ಪಿಯುಸಿ ರಜ, ಅಕ್ಷರ ದುಂಡಗೆ. ನನ್ನ ಕೈ ನೋಯುತ್ತದೆಂದು ಐವತ್ತೊಂಬತ್ತು ಸಲ 'ಮೇಲಿನಂತೆ' ಎಂದು ಅವನೇ ಬರೆದ. ನಾನು ಸಹಿ ಹಾಕಿದೆ. ಆ ಮಳೆಗಾಲದಲ್ಲಿ ಒಂದು ಮನೆಯ ಗೋಡೆ ಬಿತ್ತು. ಮಂಚದ ಮೇಲೆ ಬಿತ್ತು. ಮನೆಯವರು ಮದುವೆಗೆ ಹೋಗಿದ್ದರು. ನಾನು ದೇವರು ದೊಡ್ಡವನೆಂದು ನೂರೊಂದು ತೆಂಗಿನಕಾಯಿ ಒಡೆಸಿ ಎಲ್ಲರಿಗೂ ಹಂಚಿದೆ. ದೇವರು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಕೂಲಿಯವನೆಂದು ನಾನು ತಿಳಿದಿದ್ದೆನೋ ಏನೋ.

ಕುಂಕುಮದ ಚಿತ್ರ ಕಳುಹಿಸಿದ ಎರಡು ದಿನಕ್ಕೆ ಶಂಕರ ಫೋನು ಮಾಡಿ, ಅದೂ ಇದೂ ಮಾತಾಡಿ, ಇಡುವ ಮೊದಲು ಕೇಳಿದ. "ಅಪ್ಪ, ನಾನು ಆವಾಗ ಮೇಲಿನಂತೆ, ಮೇಲಿನಂತೆ ಅಂತ ಬರೆದುಕೊಟ್ಟಿದ್ನಲ್ಲ. ನಿಮಗೆ ರಾತ್ರಿ ನಿದ್ದೆ ಬರ್ತಿತ್ತಾ?"

ನಾನು ನಕ್ಕೆ. "ಬರದೆ ಏನಪ್ಪ? ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲವಲ್ಲ," ಎಂದೆ.

"ಸರಿ ಅಪ್ಪ," ಎಂದ.

ಅವನು ಕೇಳಿದ್ದು ಏನನ್ನು ಎಂದು ಎರಡೂವರೆ ವರ್ಷದ ಮೇಲೆ, ಆ ತುಕ್ಕಿನ ಗೆರೆಯ ಮುಂದೆ ತಿಳಿಯಿತು. ಬೇಡ, ಒಡೆಸು ಎಂದು ನಾನೊಂದು ಮಾತು ಹೇಳಿದ್ದರೆ ಅವನು ಒಡೆಸುತ್ತಿದ್ದ. ಅವನು ನನ್ನ ಮಾತು ಮೀರಿದವನಲ್ಲ.

ಈ ದೂರಿನ ಬಗ್ಗೆ ಟೌನ್ ಆಫೀಸಿನವರು ಕರೆದಿದ್ದ ಸಭೆ ಮಧ್ಯಾಹ್ನ ಎರಡಕ್ಕೆ. ಸಭಾಭವನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಎಡಗೋಡೆಯ ಮೇಲೆ ಫಲಕವಿತ್ತು, ಅಂಗೈಯಗಲ. ನಿಧಿ ಅದರ ಮುಂದೆ ನಿಂತು ಓದಿದಳು. "ತಾತ, ಇದು ಪಪ್ಪಾ ನೇಮ್. ಕೆಳಗೆ, ನಮ್ಮ ಜೊತೆ ಚಳಿ ತಡೆದವರು ಅಂತ ಇದೆ," ಎಂದು ನನ್ನ ಪಂಚೆಯನ್ನು ಹಿಡಿದು ಎಳೆದಳು. ಟೌನ್ ಆಫೀಸಿನ ಅಧಿಕಾರಿ ಸುಗವಾರಾ ಸಾನ್, ಕಂಪನಿಯ ಇಬ್ಬರು, ನಿವಾಸಿಗಳು ಮೂವತ್ತು ಜನ. ಎಲ್ಲರೂ ನನಗೆ ಬಾಗಿ ವಂದಿಸಿದರು. ಸತ್ತವನ ತಂದೆಗೆ ಕೊಡುವ ಮರ್ಯಾದೆ ಅದು. ಪ್ರಹ್ಲಾದ ಮೊದಲೇ ಜಪಾನಿಯಲ್ಲಿ ಟೈಪು ಮಾಡಿ ತಂದಿದ್ದ ಕಾಗದವನ್ನು ನನ್ನ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದ.

ಸುಗವಾರಾ ಸಾನ್ ಕೇಳಿದ ಪ್ರಶ್ನೆಯನ್ನು ಸಿಂಧೂರಾ ಹೇಳಿದಳು. "ಈ ಗುರುತನ್ನ ನಿಮ್ಮ ಪದ್ಧತಿಯಲ್ಲಿ ಎಲ್ಲಾ ಕಂಬಕ್ಕೂ ಇಡ್ತೀರಾ ಅಂತ ಕೇಳ್ತಿದಾರೆ ಮಾವ." ಅವಳ ಕಣ್ಣು ನನ್ನ ಮೇಲೆಯೇ ಇತ್ತು.

ನಾನು ಫೋನು ತೆಗೆದು ಶಂಕರ ಕಳುಹಿಸಿದ ಚಿತ್ರವನ್ನು ಮೇಜಿನ ಮೇಲಿಟ್ಟೆ. "ಇಲ್ಲ," ಎಂದೆ. "ಮೊದಲ ಕಂಬಕ್ಕೆ ಮಾತ್ರ. ಕಟ್ಟುವ ಎಲ್ಲಕ್ಕೂ ಸೇರಿ ಒಂದೇ ಸಲ. ಈ ಚಿತ್ರ ಒಂದನೆಯ ಬ್ಲಾಕಿನದು. ಉಳಿದ ಎರಡೂ ಇದೇ ಕಂಬ. ಫೋಟೋ ತೆಗೆದವನು ನನ್ನ ಮಗ. ತೆಗೆ ಎಂದವರು ಅವನ ಮೇಲಿನವರು. ಹಾಗೆ ಮಾಡಬಹುದು ಎಂದು ಕಲಿಸಿದವನು ನಾನು. ಮೂರನೆಯ ಬ್ಲಾಕನ್ನು ಒಡೆದು ನೋಡಿ. ಎರಡನೆಯದನ್ನೂ ನೋಡಿ."

ಸಿಂಧೂರಾ ಅದನ್ನು ಜಪಾನಿಗೆ ತರುವ ಮೊದಲೇ ಪ್ರಹ್ಲಾದ ಕನ್ನಡದಲ್ಲಿ, ಮೆಲ್ಲಗೆ, "ಸಿಂಧೂರಾ, ಹೂಂ ಅಂತ ಅಂದ್ಬಿಡು. ಯಾರಿಗೂ ಗೊತ್ತಾಗಲ್ಲ," ಎಂದ. ಅದು ನಿಜ. ನನಗೆ ಜಪಾನಿ ಬಾರದು. ಅವಳು ಏನು ಹೇಳಿದರೂ ನಾನು ತಲೆಯಾಡಿಸಬೇಕು. ನನ್ನ ಸತ್ಯ ಅವಳ ನಾಲಿಗೆಯ ಮೇಲೆ ನಿಂತಿತ್ತು, ನನ್ನ ಕನ್ನಡ ಅರ್ಧವೇ ತಿಳಿಯುವ, ಜಪಾನಿ ಪೂರ್ತಿ ತಿಳಿಯುವ ಅವಳದೇ ಮಗಳು ಫಲಕದ ಕೆಳಗೆ ಕುಳಿತಿದ್ದಳು.

ಬಹಳ ಹೊತ್ತಿನ ಮೇಲೆ ಅವಳು ಮಾತಾಡಿದಳು. ಮಾತು ಮುಗಿಯುವ ಮೊದಲೇ ನಿಧಿ ಎದ್ದು ನಿಂತದ್ದನ್ನು ನೋಡಿ, ಅವಳು ಒಂದು ಪದವನ್ನೂ ಬಿಡದೆ ಹೇಳಿದಳೆಂದು ನನಗೆ ತಿಳಿಯಿತು.

ಸೆಂದಾಯಿಯ ಪ್ಲಾಟ್‌ಫಾರ್ಮಿನಲ್ಲಿ ಸಿಂಧೂರಾ ಹೇಳಿದಳು, "ನಿಮ್ಮ ಪಾಪ ತೊಳ್ಕೊಳ್ಳೋಕೆ ನನ್ನ ಗಂಡನ್ನ ನೀರು ಮಾಡಿಕೊಂಡ್ರಿ, ಮಾವ." ಅದು ಸುಳ್ಳೆಂದು ಹೇಳಲು ಆಗಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಶರತ್ಕಾಲದಲ್ಲಿ ಕಂಬಗಳನ್ನು ಒಡೆದರು. ಒಳಗೆ ನಾನು ಗೇಣು ಹಾಕಿದ್ದಷ್ಟೇ ಇತ್ತು. ಕಂಪನಿಯ ನಾಲ್ವರು ಪತ್ರಿಕೆಯವರ ಮುಂದೆ ಸಾಲಾಗಿ ನಿಂತು ಸೊಂಟ ಬಾಗಿಸಿದರು. ಹೇಳಿಕೆಯಲ್ಲಿ ಇದ್ದುದು ಒಂದು ಸಾಲು. ದಾಖಲೆಯ ಹೊಣೆ ಹೊತ್ತಿದ್ದ, ಈಗ ಮೃತರಾಗಿರುವ, ಉದ್ಯೋಗಿಯೊಬ್ಬರ ವೈಯಕ್ತಿಕ ಲೋಪ. ಸುರಿಸು ಎಂದವರು, ಮಾರ್ಚಿನೊಳಗೆ ನಿಲ್ಲಿಸು ಎಂದವರು, ಹಳೆಯ ದರದಲ್ಲಿ ಟೆಂಡರು ಕರೆದವರು, ಕಂಬ ನೋಡದೆ ಫೋಟೋಗೆ ಮುದ್ರೆ ಒತ್ತಿದವರು, ಒಬ್ಬರ ಹೆಸರೂ ಅದರಲ್ಲಿಲ್ಲ. ಸತ್ತವನು ಎಲ್ಲವನ್ನೂ ಹೊರುತ್ತಾನೆ. ಅವನಿಗೆ ಬೆನ್ನು ನೋಯುವುದಿಲ್ಲ. ಪ್ರಹ್ಲಾದನಿಗೆ ಒಸಾಕಾ ಶಾಖೆಗೆ ವರ್ಗವಾಯಿತು, ಒಂದು ಮೆಟ್ಟಿಲು ಮೇಲಕ್ಕೆ.

ಎರಡನೆಯ, ಮೂರನೆಯ ಬ್ಲಾಕಿನವರನ್ನು ದುರಸ್ತಿ ಮುಗಿಯುವವರೆಗೆ ಮತ್ತೆ ತಗಡಿನ ಮನೆಗಳಿಗೆ ಕಳುಹಿಸಿದರು. ಒನೊದೆರಾ ಸಾನ್ ಅಲ್ಲಿಗೇ ಹೋದಳು, ಐದನೆಯ ಚಳಿಗಾಲಕ್ಕೆ. ಗಟ್ಟಿ ಗೋಡೆಗೆ ಆಕೆ ಕಾಯಲಿಲ್ಲ. ಫೆಬ್ರವರಿಯಲ್ಲಿ ತೀರಿಕೊಂಡಳೆಂದು ಸಿಂಧೂರಾಳಿಗೆ ಕಾರ್ಡು ಬಂತು. ಫಲಕವನ್ನು ತೆಗೆದದ್ದು ಯಾವಾಗ ಎಂದು ಯಾರೂ ತಿಳಿಸಲಿಲ್ಲ. ನಿಧಿ ಒಂದು ದಿನ ಪೆನ್ಸಿಲ್ ಡಬ್ಬಿಯ ಮುಚ್ಚಳದಿಂದ ಆ ಚಿತ್ರವನ್ನು ಕೆರೆದು ತೆಗೆದಿದ್ದಳು. ಅಂಟು ಉಳಿದಿತ್ತು.

ಈ ವರ್ಷವೂ ಬಂದೆ. ಬರಬೇಡಿ ಎಂದು ಸಿಂಧೂರಾ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಅಡುಗೆಯಲ್ಲಿ ಒಂದು ಪದಾರ್ಥವನ್ನೂ ಕಡಮೆ ಮಾಡಲಿಲ್ಲ. ಬ್ರಾಹ್ಮಣಾರ್ಥಕ್ಕೆ ಬರುವವರು ಯಾರೂ ಇರಲಿಲ್ಲ. ಪಿತೃಸ್ಥಾನದಲ್ಲಿಯೂ ದರ್ಭೆಯ ಗಂಟನ್ನೇ ಇಟ್ಟೆ. ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ. ನೀರು ಬಿಟ್ಟು, ಬಡಿಸಿ, ಕಾದು, ಕೇಳಬೇಕಾದ ಮಾತನ್ನು ಕೇಳಿದೆ.

"ತೃಪ್ತಿಯಾಯಿತೆ?"

ನಿಧಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ವರ್ಷದಿಂದ ನನ್ನೊಡನೆ ಅವಳು ಆಡಿದ ಮೊದಲ ಮಾತು ಅದು. "ತಾತ, ಯಾರೂ ಇಲ್ಲ. ಆನ್ಸರ್ ಯಾರು ಹೇಳ್ತಾರೆ?"

ಕುಳಿತವರಿಲ್ಲದಾಗ ಕರ್ತೃವೇ ತೃಪ್ತರಾದೆವು ಎಂದು ಹೇಳಿಕೊಂಡು ಮುಂದಕ್ಕೆ ಹೋಗಬೇಕು. ಮಂತ್ರ ನಾಲಿಗೆಯ ಮೇಲಿತ್ತು. ಅದು ಅಲ್ಲಿಯೇ ನಿಂತಿತು. ಹಿಂದಿನ ವರ್ಷದಂತೆ, 'ಮೇಲಿನಂತೆ', ಎಂದುಕೊಂಡು ಸಾಗಿಸಲು ನನಗೆ ಧೈರ್ಯ ಬರಲಿಲ್ಲ. ಎಲೆಯ ಮುಂದೆ ಹಾಗೆಯೇ ಕುಳಿತೆ. ಪಾಯಸ ಆರಿತು.